ಜೋಡಿಹಂಸದ ಪೇಟಿ

ಶಿರೂರಿನ ಭಜನಾ ಮೇಳದವರು ಟ್ರ್ಯಾಕ್ಟರಿನಿಂದ ಕಾಲುಪೇಟಿ, ಅಂದರೆ ಕಾಲಲ್ಲಿ ತಿದಿಯೊತ್ತಿ ನುಡಿಸುವ ಹಾರ್ಮೋನಿಯಂ, ಇಳಿಸುತ್ತಿದ್ದಂತೆ ಹುಲ್ಲಪ್ಪ ಸತ್ತವನ ಮನೆಯ ಕಟ್ಟೆಯಿಂದ ದಡಕ್ಕನೆ ಎದ್ದ. ಪೇಟಿಯ ಮುಚ್ಚಳದ ಮೇಲೆ ಜೋಡಿಹಂಸದ ಛಾಪು ಇತ್ತು. ಬಣ್ಣ ಮಾಸಿದ್ದರೂ ಅವನಿಗೆ ಗುರುತು ಹತ್ತಲು ಎರಡನೇ ಸಲ ನೋಡಬೇಕಾಗಲಿಲ್ಲ.

"ಲೇ ಖಾದರಬಾಷಾ, ನೋಡಿದೇನು? ಇಲಿ ಕಡದಾವ, ತಿದಿ ಹರದೈತಿ ಅಂದಿದ್ದ ನಿಮ್ಮ ಮಾಸ್ತರ. ಹನ್ನೊಂದು ವರ್ಷದ ಹಿಂದ ಸತ್ತ ಪೇಟಿ ಇವತ್ತ ಟ್ರ್ಯಾಕ್ಟರ್ ಏರಿ ಬಂದೈತಿ!"

"ಇವತ್ತರ ಬಿಡೋ. ಹೆಣದ ಮುಂದ ಅದೆಲ್ಲಾ ಯಾಕ?" ಎಂದ ನಾಟಕ ಕಂಪನಿಯಲ್ಲಿ ತಬಲಾ ಬಾರಿಸುತ್ತಿದ್ದ ಖಾದರಬಾಷಾ. ಹಾಗೆನ್ನುವಾಗ ಅವನು ಮುಖ ತಪ್ಪಿಸಿದ್ದನ್ನು ಹುಲ್ಲಪ್ಪ ಲೆಕ್ಕಕ್ಕೆ ಹಿಡಿದ. ಇವನಿಗೂ ಏನೋ ಗೊತ್ತಿದೆ.

ಪೇಟಿ ಮಾಸ್ತರ ಅಮಾತೆಪ್ಪನನ್ನು ಇಳಕಲ್ಲಿನ ಅವನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಪೇಟಿ ನುಡಿಸಿದವನು. ಅಷ್ಟೂ ವರ್ಷ ಅದೇ ಕಂಪನಿಯಲ್ಲಿ ರಾಜಪಾರ್ಟು ಹಾಡಿದವನು ಹುಲ್ಲಪ್ಪ. ಕಂಪನಿಯವರು ತೀರಿಕೊಂಡರೆ ಜೊತೆಯವರು ಒಂದು ಪದ ಹಾಡದೆ ಹೆಣ ಎತ್ತುವ ರೂಢಿ ಇರಲಿಲ್ಲ. ಹಾಗಾಗಿ ಎಲ್ಲರ ಕಣ್ಣೂ ಹುಲ್ಲಪ್ಪನ ಮೇಲಿತ್ತು. ಅವನಿಗೋ ಪದಕ್ಕಿಂತ ಜಗಳವೇ ಗಂಟಲಿಗೆ ಬರುತ್ತಿತ್ತು.

*

ಹನ್ನೊಂದು ವರ್ಷದ ಹಿಂದೆ, ಎಪ್ಪತ್ಮೂರರಲ್ಲಿ, ಕಂಪನಿ ಬಾದಾಮಿಯಲ್ಲಿತ್ತು. ಬೇರೆ ಕಂಪನಿಯ ರಾಜಪಾರ್ಟಿನವರು ಪೇಟಿಯ ಮೂರನೇ ಕರಿಪಟ್ಟಿಯ, ಕರಿ ಮೂರರ, ಸ್ವರಕ್ಕೇ ಏದುಸಿರು ಬಿಡುವಾಗ ಹುಲ್ಲಪ್ಪ ಇನ್ನೂ ಎತ್ತರದ ಐದನೇ ಕರಿಪಟ್ಟಿಯ ಸ್ವರದಲ್ಲಿ ಹಾಡುತ್ತಿದ್ದ. ಹೊಸಬರು ಹೆಸರು ಕೇಳಿದರೆ "ನಾ ಕರಿ ಐದರ ಹುಲ್ಲಪ್ಪ" ಎನ್ನುವಷ್ಟು ಅದರ ಬಿಗುಮಾನ. ಆ ವರ್ಷ ಮಾತ್ರ ಮೇಲಿನ ಸ್ವರದಲ್ಲಿ ಎರಡು ಮೂರು ಸಲ ಧ್ವನಿ ಒಡೆದಿತ್ತು. ಗ್ಯಾಸಬತ್ತಿಯ ಹೊಗೆ ಎಂದು ಅವನೇ ತೀರ್ಮಾನಿಸಿದ್ದ.

ಒಂದು ಮಧ್ಯಾಹ್ನ ತಾಲೀಮಿಗೆ ಬಂದರೆ ಅಮಾತೆಪ್ಪ ಬೇರೆ ಪೇಟಿಯ ಮುಂದೆ ಕೂತಿದ್ದ. ಅದರ ಮೇಲೆ ಸೂರ್ಯನ ಛಾಪು. ಧ್ವನಿಯೋ, ಡಬ್ಬಿಯಲ್ಲಿ ಗುಂಡು ಹಾಕಿ ಅಲ್ಲಾಡಿಸಿದಂತೆ.

"ಅಪ್ಪನ ಕಾಲದ ಹಂಸ ಬಿಟ್ಟು ಈ ಡಬ್ಬಿ ಯಾಕ ತಂದಿಯೋ?"

"ಹಂಸದ ತಿದಿ ಇಲಿ ಕಡದಾವ. ಹಾಡು ಸುಮ್ನ."

ಹುಲ್ಲಪ್ಪ ಬಗ್ಗಿ ನೋಡಿದ. ಅಮಾತೆಪ್ಪನ ಬೆರಳು ಕರಿ ಐದರ ಮೇಲೇ ಇತ್ತು. ಹಾಡಿದ. ಧ್ವನಿ ಸಲೀಸಾಗಿ ಏರಿತು. ಸಂಜೆಯ ಆಟದಲ್ಲಿ ಜನ ಮತ್ತೆ ಮತ್ತೆ ಹಾಡಿಸಿದರು.

ಎಲ್ಲ ನೆಟ್ಟಗಿತ್ತು. ಆದರೆ ಅಮಾತೆಪ್ಪ ಕೊಟ್ಟ ಹಂಸದ ಪೇಟಿ ಶಿರೂರಿನ ಗುಡಿಯಲ್ಲಿ ಗಟ್ಟಿಮುಟ್ಟಾಗಿದೆಯೆಂದು ಯಾರೋ ಹೇಳಿದ ದಿನದಿಂದ ಹುಲ್ಲಪ್ಪನ ತಲೆಯಲ್ಲಿ ಹುಳ ಹೊಕ್ಕಿತು. ಸುಳ್ಳು ಯಾಕೆ ಹೇಳಿದ? ಡಬ್ಬಿ ಪೇಟಿ ಹಾಕಿ ನನ್ನ ಹಾಡು ಕೆಡಿಸಿ, ಯಾವನೋ ಹೊಸ ಹುಡುಗನಿಗೆ ರಾಜಪಾರ್ಟು ಕೊಡಿಸುವ ಹುನ್ನಾರವೆ? ಕೇಳಿದರೆ ಅಮಾತೆಪ್ಪ ಎಲೆ ಮಡಚಿ ಬಾಯಿಗಿಟ್ಟುಕೊಂಡು ಎದ್ದು ಹೋದ. ಆಮೇಲೆ ಇಬ್ಬರೂ ರಂಗದಲ್ಲಿ ಕೂಡಿದರೂ ಊಟಕ್ಕೆ ಕೂಡಲಿಲ್ಲ. ಕಂಪನಿ ಮುಚ್ಚಿದ ಮೇಲೆ ಹುಲ್ಲಪ್ಪ ಬಾಯಿ ತೆರೆದು ಹಾಡಲೂ ಇಲ್ಲ.

*

"ಪ್ರತಿ ಅಮಾಸಿಗೆ ನಮ್ಮ ಗುಡಿಗೆ ಬರ್ತಿದ್ರರಿ ಮಾಸ್ತರು," ಎಂದ ಮೇಳದ ಪೇಟಿಯವನಾದ ಕಲ್ಲಪ್ಪ. "ಹಂಸದ ಧೂಳು ಒರಸಿ, ಒಬ್ರ ಕುಂತು ಒಂದ ತಾಸು ನುಡಿಸಿ ಹೋಗಾವ್ರು."

ಅಮಾತೆಪ್ಪನ ಹೆಂಡತಿ ಗುರುಸಿದ್ದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಪೇಟಿಗೇನು ಹೋಗ್ತಿದ್ದದ್ದು? ಶಿರೂರಾಗ ಯಾರನ್ನರ ಇಟ್ಟಾನೇನೋ ಅಂತ ನಾ ಎಷ್ಟ ಅಮಾಸಿ ಉಣ್ಣಾಕ ಹಾಕದ ಮಲಗಿಸೇನ್ರಿ!" ಎಂದು ಅಳತೊಡಗಿದಳು.

"ಹೊತ್ತಾತು, ಒಂದು ಪದ ಅಂದು ಮುಗಿಸ್ರಿ," ಎಂದು ಮಣ್ಣು ಮಾಡಿಸಲು ಬಂದಿದ್ದ ಸಂಗಯ್ಯಸ್ವಾಮಿ ಅವಸರ ಮಾಡಿದರು.

ಹುಲ್ಲಪ್ಪ ಹಂಸದ ಮುಂದೆಯೇ ಕೂತ. ಸುಳ್ಳು ಹೇಳಿದವನು ಕೂತು ಕೇಳಲಿ. "ಕರಿ ಐದು ಹಿಡಿ," ಎಂದ. ಕಲ್ಲಪ್ಪ ಕಾಲೊತ್ತಿದ. ಮೊದಲ ಸಾಲು ಹೇಗೋ ದಾಟಿತು. ಎರಡನೆಯದಕ್ಕೆ ಸ್ವರ ಕೈಗೆ ಸಿಗದೆ ಧ್ವನಿ ಒಡೆದು ಕೆಮ್ಮಾಯಿತು. ನೆರೆದವರು ನೆಲ ನೋಡಿದರು.

"ಈ ಪೇಟಿಗೆ ಏನೋ ಮಾಡ್ಯಾರ! ಮನ್ಯಾಗಿನ ಪೇಟಿ ತರ್ರಿ!"

ಸೂರ್ಯನ ಪೇಟಿಯನ್ನು ಹೊರತಂದು ಹಂಸದ ಪಕ್ಕದಲ್ಲಿಟ್ಟರು. ಖಾದರಬಾಷಾ ಬೇಡ ಬೇಡವೆಂದರೂ ಕಲ್ಲಪ್ಪ ಹೋಲಿಸಿ ನೋಡಲೆಂದು ಎರಡರ ಕರಿ ಐದನ್ನೂ ಒಟ್ಟಿಗೆ ಒತ್ತಿದ. ಎರಡು ಸ್ವರಗಳು ಕಿತ್ತಾಡಿದವು. ಹಂಸದ ಮೇಲಿನ ಬೆರಳನ್ನು ಕರಿ ನಾಲ್ಕಕ್ಕೆ ಇಳಿಸಿದಾಗ ಎರಡೂ ಕೂಡಿ ಒಂದಾದವು.



"ಸೂರ್ಯ ಒಂದು ಸ್ವರ ಇಳದ ಪೇಟಿ, ಅದರ ಕರಿ ಐದಂದ್ರ ಖರೇ ಕರಿ ನಾಕು," ಖಾದರಬಾಷಾ ಮೆಲ್ಲಗೆ ಹೇಳಿದ. "ಹುಡುಕಿ ಹುಡುಕಿ ತಂದಾ ಮಾಸ್ತರ. ನಾನೂ ತಬಲಾದ ಶ್ರುತಿ ಇಳಿಸಿದೆ. ನಿನ್ನ ಧ್ವನಿ ಕರಿ ನಾಕಕ್ಕ ಬಂದೈತಿ ಅಂತ ಹೇಳೂ ಧೈರ್ಯ ಯಾರಿಗಿತ್ತೋ? ಹೇಳಿದ್ರ ಬಣ್ಣ ಒರಸಿಕೊಂಡು ಮನಿಗೆ ಹೋಗಾಂವ ನೀ. ನಿನ್ನ ಕಣ್ಣಿಗೆ ಕರಿ ಐದು ಕಾಣಬೇಕಾಗಿತ್ತು, ಕಾಣಿಸಿದಾ."

ಹುಲ್ಲಪ್ಪನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಕಂಪನಿ ಮುಚ್ಚುವತನಕ ಈ ಮನುಷ್ಯ ತನ್ನ ಅಪ್ಪನ ಪೇಟಿ ಬಿಟ್ಟು ಡಬ್ಬಿ ನುಡಿಸಿದ, ಬೈಗುಳವನ್ನೂ ತಿಂದ.

"ಯಾವ ಪೇಟಿ ಹಿಡೀಲ್ರಿ?" ಕಲ್ಲಪ್ಪ ಕೇಳಿದ. ನಂತರ ತಾನೇ ದೊಡ್ಡವರ ಮಾನ ಉಳಿಸುವ ಹಾಗೆ, "ಸೂರ್ಯನ ಮ್ಯಾಲ ಕರಿ ಐದು ಹಿಡೀತೇನ್ರಿ," ಎಂದ.

ಹುಲ್ಲಪ್ಪ ಸೂರ್ಯನ ಪೇಟಿಯ ಮುಚ್ಚಳ ಹಾಕಿದ. "ಹಂಸ. ಕರಿ ನಾಕು," ಎಂದು ಓಣಿಯವರಿಗೆಲ್ಲ ಕೇಳುವಂತೆ ಹೇಳಿದ.

ಕಲ್ಲಪ್ಪನ ಬೆರಳು ಅಳುಕಿ ಐದರ ಮೇಲೆಯೇ ನಿಂತಿತ್ತು. ಹುಲ್ಲಪ್ಪ ಆ ಬೆರಳನ್ನು ಹಿಡಿದೆತ್ತಿ, ಪಕ್ಕದ ಕರಿಪಟ್ಟಿಯ ಮೇಲೆ ಇಟ್ಟು, ಅಮಾತೆಪ್ಪನ ಕಡೆ ತಿರುಗಿ ಕೂತು ಬಾಯಿ ತೆರೆದ.