ಡಬ್ಬಿಗಳ ಹೊಟ್ಟೆಗೆ ಇಳಿದ ಸೀಸ

ಹುಕ್ಕೇರಿಯ ಬೆಲ್ಲದ ವ್ಯಾಪಾರಿ ವೀರಪ್ಪನಿಗೆ ಕೂದಲು ನೆರೆತರೂ ಆಟಿಕೆ ರೈಲಿನ ಹುಚ್ಚು ಬಿಟ್ಟಿರಲಿಲ್ಲ. ಎರಡನೇ ಮಹಾಯುದ್ಧ ಶುರುವಾಗುವ ಮುಂಚೆ ಮುಂಬಯಿಯಿಂದ ಚಾವಿ ಕೊಟ್ಟರೆ ಓಡುವ ಜರ್ಮನಿಯ ಪುಟ್ಟ ಎಂಜಿನ್ನೊಂದನ್ನು ತಂದು, ಪಡಸಾಲೆಯ ತುಂಬ ದುಂಡಗೆ ಹಳಿ ಹಾಸಿದ್ದ. ಹೆಂಡತಿ ಗೌರವ್ವ ಊಟದ ತಾಟು ಹಿಡಿದು ಆ ಹಳಿ ದಾಟಿ ದಾಟಿ ಬೇಸತ್ತಿದ್ದಳು. ಎಂಜಿನ್ನಿಗೆ ತಕ್ಕ ಡಬ್ಬಿಗಳನ್ನು ಮಾಡಿಕೊಡಲು ಅವನು ಹಿಡಿದದ್ದು ಗೋಕಾಕದಲ್ಲಿ ಗೊಂಬೆ ಮಾಡುವ ಮಹಮ್ಮದಗೌಸನನ್ನು.

ಗೌಸ ಮಾಡಿದ ಡಬ್ಬಿಗಳು ಕಣ್ಣಿಗೆ ಹಬ್ಬ. ಕಿಟಕಿ, ಪಾವಟಿಗೆ, ಕೆಂಪು ಬಣ್ಣ, ಯಾವುದಕ್ಕೂ ಹೆಸರಿಡುವಂತಿರಲಿಲ್ಲ. ಆದರೆ ಗೊಂಬೆ ಮಾಡುವ ಕಟ್ಟಿಗೆ ಬೆಂಡಿನಷ್ಟು ಹಗುರ. ತಿರುವು ಬಂದ ಕೂಡಲೇ ನಡುವಿನ ಡಬ್ಬಿ ಹಳಿ ಬಿಟ್ಟು ಮಗುಚುತ್ತಿತ್ತು. ಊರಿನ ದೊಡ್ಡ ಮಂದಿಯನ್ನು ಕೂಡಿಸಿ ತೋರಿಸಿದ ದಿನವೇ ಇಡೀ ಗಾಡಿ ಅಡ್ಡಬಿದ್ದು ವೀರಪ್ಪನ ಮುಖ ಸಪ್ಪಗಾಯಿತು. ಗೌಸ ಡಬ್ಬಿಗಳನ್ನು ವಾಪಸು ತಂದು ಒಳಗೆ ಮರಳು ತುಂಬಿ ನೋಡಿದ. ಭಾರ ಮೇಲಾಗಿ ಮೊದಲಿಗಿಂತ ಬೇಗ ಉರುಳಿದವು. ಭಾರ ಕೆಳಗಿರಬೇಕು, ಗಾಲಿಗಳ ನಡುವೆ ಇರಬೇಕು, ಎಲ್ಲ ಡಬ್ಬಿಗೂ ಸಮನಾಗಿರಬೇಕು ಎಂಬುದು ಆಗ ಹೊಳೆಯಿತು. ಅದಕ್ಕೆ ಸೀಸವೇ ಸೈ. ಆದರೆ ಸೀಸವೆಲ್ಲ ಗುಂಡಾಗಿ ಯುದ್ಧಕ್ಕೆ ಹೋಗುತ್ತಿದ್ದ ಕಾಲವದು, ಪೇಟೆಯಲ್ಲಿ ಚೂರೂ ಸಿಗಲಿಲ್ಲ.

ಸೀಸ ಇದ್ದದ್ದು ಅವನ ಮನೆಯಲ್ಲೇ, ತೊಲೆಗೆ ಕಟ್ಟಿದ ಗಡಿಗೆಯಲ್ಲಿ.

ಗೌಸನ ತಾಯಿ ಬಿಬಿಜಾನ ಅಂಜಿಕೊಂಡ ಮಕ್ಕಳಿಗೆ ಸೀಸ ಇಳಿಸುವವಳು. ಮಗುವಿನ ತಲೆಯ ಮೇಲೆ ಬಟ್ಟೆ ಹೊದಿಸಿ, ಮೇಲೆ ನೀರಿನ ಬೋಗುಣಿ ಹಿಡಿದು, ಅದಕ್ಕೆ ಕಾದ ಸೀಸ ಸುರಿಯುವಳು. ಚುಂಯ್ ಎಂದು ಸೀಸ ಗಂಟು ಕಟ್ಟುವಾಗ ಅಂಜಿಕೆ ಅದರೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಗಂಟನ್ನು ಹರಿಯುವ ನೀರಿಗೆ ಬಿಡಬೇಕು, ಮತ್ತೆ ಬೆಂಕಿ ತೋರಿಸಕೂಡದು. ಆ ಮಳೆಗಾಲ ಗೌಸನ ಮಗಳು ಮೈನಾಬಿಯೇ ದಂಡೆಯಲ್ಲಿ ಕಾಲು ಜಾರಿ ಘಟಪ್ರಭೆಗೆ ಬಿದ್ದಿದ್ದಳು. ಜನ ಎಳೆದು ತೆಗೆದರು, ಜೀವ ಉಳಿಯಿತು, ಮಾತು ನಿಂತಿತು. ಅಜ್ಜಿ ವಾರ ವಾರ ಸೀಸ ಇಳಿಸಿದಳು. ಒಂದು ಶುಕ್ರವಾರ ಹುಡುಗಿ ಬಾಯಿ ತೆರೆದು ರೊಟ್ಟಿ ಕೇಳಿದಾಗ ಗೌಸ ನಾಲ್ಕು ಮಂದಿಯೆದುರು ಗಳಗಳ ಅತ್ತಿದ್ದ. ಹೊಳೆಯ ಸೆಳವು ಇಳಿಯಲಿ ಎಂದು ಬಿಬಿಜಾನ ಆ ಗಂಟುಗಳನ್ನೆಲ್ಲ ಗಡಿಗೆಯಲ್ಲಿ ಎತ್ತಿಟ್ಟಿದ್ದಳು.

ಮಗಳು ಮಾತಾಡಿದಳಲ್ಲ, ಇನ್ನು ಇದು ಬರೀ ಸೀಸ ಎಂದುಕೊಂಡ ಗೌಸ. ತಾಯಿ ಮೂಡಲಗಿಗೆ ತಂಗಿಯ ಮನೆಗೆ ಹೋದಾಗ ಗಡಿಗೆ ಇಳಿಸಿ, ಸೀಸ ಕಾಸಿ, ಡಬ್ಬಿಗಳ ತಳದಲ್ಲಿ ಕೊರೆದ ಗುಳಿಗಳಿಗೆ ಸುರಿದ. ಕಸಬುದಾರ ಕೈ, ಒಂದು ಹನಿ ಹೆಚ್ಚುಕಡಿಮೆಯಾಗಲಿಲ್ಲ.

ಸೀಸ ಆರಿದ ಆ ಸಂಜೆ, ಅಂಗಳದಲ್ಲಿ ಕೂಗಾಡುತ್ತ ಆಡುತ್ತಿದ್ದ ಮೈನಾಬಿ ನಡು ಮಾತಿನಲ್ಲಿ ನಿಂತುಬಿಟ್ಟಳು. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಆಡಿ ದಣಿದಿದ್ದಾಳೆ ಎಂದುಕೊಂಡು ಗೌಸ ಡಬ್ಬಿಗಳನ್ನು ಹುಕ್ಕೇರಿಗೆ ಕಳಿಸಿಯೇ ಬಿಟ್ಟ. ತಾಯಿ ತಿರುಗಿ ಬಂದು ಬರಿದಾದ ಗಡಿಗೆ ನೋಡಿದಳು, ಮೊಮ್ಮಗಳ ಮುಖ ನೋಡಿದಳು, ಮಗನ ಕಡೆ ತಿರುಗಿದಳು.

"ಅಂಜಿಕಿ ಮತ್ತ ಕರಗಿಸಿದ್ಯಲ್ಲೋ. ನೀರಾಗ ಆರಬೇಕಾದ್ದು ಕಟ್ಟಿಗ್ಯಾಗ ಆರೈತಿ. ಕೂಸಿನ ದನೀನೂ ತನ್ನ ಕೂಡ ಒಯ್ದೈತಿ."

ಈಗಲೂ ಹೊಳೆಗೆ ಬಿಟ್ಟರೆ ಅಂಜಿಕೆ ಹೋದೀತು, ಆದರೆ ಅದರೊಳಗೆ ಬೆರೆತ ದನಿಯೂ ಅದರ ಜೊತೆಗೇ ಹೋಗುತ್ತದೆ ಎಂದಳು. ಅಂದಿನಿಂದ ಮಗಳು ನಿದ್ದೆಯಲ್ಲಿ ಬೆಚ್ಚಿಬಿದ್ದು ಗೌಸನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದೇ ಮಲಗತೊಡಗಿದಳು.

ಅತ್ತ ವೀರಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಗಾಡಿ ಎಂಥ ತಿರುವಿನಲ್ಲೂ ಮೈ ಕೊಂಕದೆ ಓಡುತ್ತಿತ್ತು. ಅದು ಹಾದುಹೋದ ಹಳಿಯ ಗುಂಟ ನೆಲ ಪಸೆಯಾಡುವುದನ್ನು ಮೊದಲು ಕಂಡವಳು ಗೌರವ್ವ. ಗಾಲಿಗಳ ಸದ್ದಿನ ನಡುವೆ ಯಾವುದೋ ಮಗು ಬಿಕ್ಕುವುದನ್ನು ಕೇಳಿದವಳೂ ಅವಳೇ. ಎಣ್ಣೆ ಇಲ್ಲದೆ ಗಾಲಿ ಕಿರುಗುಟ್ಟುತ್ತಿವೆ ಎಂದು ವೀರಪ್ಪ ಎಣ್ಣೆ ಬಿಟ್ಟ. ಬಿಕ್ಕು ಇನ್ನಷ್ಟು ಸ್ಪಷ್ಟವಾಯಿತು. ಆಮೇಲೆ ಅವನೇ ಗೋಕಾಕಕ್ಕೆ ಹೇಳಿಕಳಿಸಿದ.

ಗೌಸ ಮೈನಾಬಿಯನ್ನು ಕರೆದುಕೊಂಡು ಮೋಟಾರು ಹತ್ತಿ ಬಂದ. ವೀರಪ್ಪ ಎಂಜಿನ್ನಿಗೆ ಚಾವಿ ಕೊಟ್ಟ. ಗಾಡಿ ಒಂದು ಸುತ್ತು ಹಾಕಿತು. ಮೈನಾಬಿಯ ತುಟಿಗಳು ಅಲುಗಿದವು, ಅಪ್ಪನನ್ನು ಕರೆಯುವ ದನಿ ಡಬ್ಬಿಗಳೊಳಗಿಂದ ಬಂತು.

"ಅಬ್ಬಾ, ಬಾಯಾಗ ನೀರು ಬರಾಕತ್ತೈತಿ. ಅಬ್ಬಾ, ತಳಾ ಸಿಗವಲ್ದು."

ಚಾವಿ ಮುಗಿಯಿತು, ದನಿ ಕತ್ತರಿಸಿದಂತೆ ನಿಂತಿತು. ಹುಡುಗಿಯ ಒಣ ಜಡೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗೌರವ್ವ ಕೊರಳಿನ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆದರೆ ಗೌಸನ ಕೈ ತಾನಾಗಿ ಚಾವಿಗೆ ಹೋಯಿತು. ಅದು ಅಂಜಿಕೆಯ ಮಾತೇ ಇರಲಿ, ಮಗಳ ದನಿ. ಅದಕ್ಕಾಗಿ ಅವನ ಕಿವಿ ಹಸಿದಿತ್ತು. ಗಾಡಿ ಮತ್ತೆ ಓಡಿತು, ಅಬ್ಬಾ ಅಬ್ಬಾ ಎಂದಿತು. ಅವನು ಕಣ್ಣು ಮುಚ್ಚಿ ಕೇಳಿದ, ಮತ್ತೂ ಒಮ್ಮೆ ಚಾವಿ ತಿರುವಿದ.

"ಸಾಕ್ ಮಾಡ್ರಿ ಉಸ್ತಾದ್ರ," ಎಂದಳು ಗೌರವ್ವ. "ಹುಡುಗಿ ಕಾಲ್ ನೋಡ್ರಿ."

ಅವನು ಕಣ್ಣು ತೆರೆದ. ಮೈನಾಬಿ ನಿಂತಲ್ಲೇ ತುದಿಗಾಲಿನಲ್ಲಿ ನೆಲ ಹುಡುಕುತ್ತಿದ್ದಳು. ಕಾಲ ಕೆಳಗೆ ಗಟ್ಟಿ ಹಾಸುಗಲ್ಲಿತ್ತು, ಅದು ಅವಳಿಗೆ ಸಿಗುತ್ತಿರಲಿಲ್ಲ. ಗೌಸ ಓಡುವ ಗಾಡಿಯನ್ನು ಅಂಗೈಯಿಂದ ಅದುಮಿ ನಿಲ್ಲಿಸಿದ. ತನ್ನ ಮೇಲೆ ತನಗೇ ಹೇಸಿಕೆಯಾಯಿತು. ಡಬ್ಬಿಗಳನ್ನು ಬೋರಲು ಹಾಕಿ ಉಳಿಯಿಂದ ಸೀಸವನ್ನೆಲ್ಲ ಕಿತ್ತ. ವೀರಪ್ಪ ತಡೆಯಲಿಲ್ಲ.

ಗೋಕಾಕದಲ್ಲಿ ಮೋಟಾರಿನಿಂದ ಇಳಿದವನು ಮನೆಗೂ ಹೋಗದೆ ನೇರ ಹೊಳೆಗೆ ನಡೆದ. ಮೈನಾಬಿ ಎರಡೂ ಕೈಯಿಂದ ಅವನ ಅಂಗಿ ಹಿಡಿದು ಅವನ ಬೆನ್ನಿಗೆ ಅಡಗಿದ್ದಳು. ಒಂದೊಂದೇ ತುಂಡನ್ನು ನೀರಿಗೆ ಬಿಟ್ಟ. ಕೊನೆಯದನ್ನು ಕಿವಿಗೆ ಹಿಡಿದ, ಅದು ಸುಮ್ಮನಿತ್ತು. ಅದನ್ನೂ ಬಿಟ್ಟ. ಅಂಗಿಯ ಮೇಲಿನ ಹಿಡಿತ ಸಡಿಲಾಯಿತು. ಹುಡುಗಿ ಮುಂದೆ ಬಂದು ನೀರಿನಲ್ಲಿ ಕಾಲಿಟ್ಟಳು, ಕಾಲಿನಿಂದ ನೀರು ಚಿಮ್ಮಿಸಿದಳು, ನಕ್ಕಳು. ನಗುವಿಗೆ ಸದ್ದಿರಲಿಲ್ಲ. ತಿರುಗಿ ಅವನ ಕಡೆ ನೋಡಿ ತುಟಿ ಅಲುಗಿಸಿದಳು. ಅಬ್ಬಾ ಎಂದಿರಬೇಕು.

"ಹೂಂ," ಎಂದ ಗೌಸ. "ಇಲ್ಲೇ ಅದೀನಿ."