ಬಂಡೆಯ ಮೇಲಿನ ವಿಭೂತಿ

ಸ್ಟರ್ಲಿಂಗ್ ಹೈಟ್ಸ್‌ನ ಲಿಂಡಾಳ ವರ್ಕ್‌ಶಾಪಿನಲ್ಲಿ ಹಳೆಯ ಚಿತ್ರಗಳ ಕೊಳೆ ತೆಗೆಯುವ ಕೆಲಸ ನನ್ನದು. ಮೂರು ತಿಂಗಳ ಟ್ರಯಲ್. ನಾನೊಬ್ಬಳೇ ಮಾಡಿ ಮುಗಿಸಬೇಕಾದ ಮೊದಲ ಚಿತ್ರ ಇದು; ಇದು ಮುಗಿದ ಮೇಲೆ ನನ್ನನ್ನು ಉಳಿಸಿಕೊಳ್ಳುವುದೋ ಬಿಡುವುದೋ ಹೇಳುತ್ತೇನೆ ಎಂದು ಲಿಂಡಾ ಅಂದಿದ್ದಳು. ಚಿತ್ರ ಕೊಟ್ಟವರು ಹತ್ತಿರದ ನೋವೈ ಊರಿನ ಡಾಕ್ಟರ್ ನೀಲಗಂಗಾ ಆಂಟಿ. ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದ ದಿನ ಮೂಲೆಯಲ್ಲಿ ಕೂತಿದ್ದ ನನ್ನನ್ನು ಏನು ಕೆಲಸ ಮಾಡ್ತೀಯ ಎಂದು ಕೇಳಿದವರು ಅವರೊಬ್ಬರೇ.

ಚಿತ್ರ ಫಿನ್ಲೆಂಡಿನದು. ಬೂದು ಸಮುದ್ರ, ತಗ್ಗಾದ ಒಂದು ದ್ವೀಪ, ಒಂದೇ ಕಡೆ ಬಾಗಿದ ನಾಲ್ಕು ಪೈನ್ ಮರ. ದೋಣಿಯಿಲ್ಲ, ಮನೆಯಿಲ್ಲ, ಹಕ್ಕಿಯೂ ಇಲ್ಲ. ಆಂಟಿಯ ಪಕ್ಕದ ಮನೆಯ ಫಿನ್ನಿಶ್ ಮುದುಕಿ ಮಗನ ಊರಿಗೆ ಹೋಗುವಾಗ ಕೊಟ್ಟದ್ದಂತೆ. ಆಂಟಿಯ ಅತ್ತೆ ರುದ್ರಮ್ಮಜ್ಜಿ ಅದನ್ನು ದೇವರ ಕೋಣೆಯಲ್ಲಿ ಹಾಕಿಸಿದರು. ಹದಿನೆಂಟು ವರ್ಷದ ಊದಿನಕಡ್ಡಿಯ ಹೊಗೆ ಕೂತು ಆಕಾಶ ಚಹಾದ ಬಣ್ಣಕ್ಕೆ ತಿರುಗಿತ್ತು.

ಇಂಥ ಮಸಿ ತೆಗೆಯಲು ನಾವು ಬಳಸುವುದು ಎಂಜಲು. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ಮುಟ್ಟಿಸಿ, ಚಿತ್ರದ ಮೇಲೆ ಮೆಲ್ಲಗೆ ಉರುಳಿಸುತ್ತೇವೆ. ದೊಡ್ಡ ಮ್ಯೂಸಿಯಮ್ಮುಗಳಲ್ಲೂ ಮಾಡುತ್ತಾರೆ. ಬರೀ ನೀರಿಗೆ ಬಿಡದ ಮಸಿ ಅದಕ್ಕೆ ಬಿಡುತ್ತದೆ. ಮಂಗಳವಾರ ಮೇಲಿನ ಮೂಲೆಯಲ್ಲಿ ಎರಡು ಇಂಚು ಒರೆಸಿದೆ. ತಿಳಿ ಬೂದು ಆಕಾಶ ಬಂತು. ದೀಪವನ್ನು ಕೆಳಗೆ ತಿರುಗಿಸಿದಾಗ ಬಂಡೆಯ ಮೇಲೆ ಮೂರು ಬಿಳಿ ಗೆರೆ ಕಂಡವು. ಲಿಂಡಾ ಅವನ್ನು ಸಮುದ್ರದ ನೊರೆ ಎಂದು ಬರೆದುಕೊಂಡಿದ್ದಳು. ನನಗೆ ನೋಡಿದೊಡನೆ ಗೊತ್ತಾಯಿತು, ವಿಭೂತಿ. ಬರೀ ಅಂದಕ್ಕೆ ತೂಗುಹಾಕಿದ್ದಲ್ಲ, ಪೂಜೆ ಮಾಡುತ್ತಿದ್ದ ಚಿತ್ರಕ್ಕೆ ನಾನು ಎಂಜಲು ಹಚ್ಚಿದ್ದೆ.

ನೀರಿನಲ್ಲಿ ಪ್ರಯತ್ನಿಸಿದೆ, ಮಸಿ ಕದಲಲಿಲ್ಲ. ಆಂಟಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಶನಿವಾರ ಅತ್ತೆಯನ್ನು ಕರೆತರುತ್ತೇನೆ, ಕೇಳಿದರೆ ಯಾವುದೋ ಕೆಮಿಕಲ್ ಅಂದುಬಿಡು, ಇಲ್ಲದಿದ್ದರೆ ಅವತ್ತೇ ಚಿತ್ರ ವಾಪಸ್ ಒಯ್ಯುತ್ತಾರೆ ಎಂದರು. ಅದು ಹೋದರೆ ನನ್ನ ಕೆಲಸವೂ ಹೋದಂತೆ. ಮೂರು ದಿನ ಕನ್ನಡಿಯ ಮುಂದೆ ‘ಕೆಮಿಕಲ್’ ಅಂದುಕೊಂಡೆ.

ಶನಿವಾರ ಅಜ್ಜಿ ಕೋಟು ಬಿಚ್ಚದೆ ಚಿತ್ರದ ಮುಂದೆ ಕೂತರು. ಬೇರೆ ಮಾತು ತೋಚದೆ, ಇದನ್ನು ದೇವರ ಕೋಣೆಯಲ್ಲಿ ಯಾಕೆ ಹಾಕಿಸಿದಿರಿ ಎಂದು ಕೇಳಿದೆ.

“ದೇವರ ಫೋಟೋದಾಗ ಯಾರರೆ ಕುಂತು ನಮ್ಮನ್ನ ನೋಡ್ತಿರ್ತಾರ. ಇದರಾಗ ಯಾರೂ ಇಲ್ಲ. ಮುಂದ ಕುಂತ್ರ ಆರಾಮ ಅನಸ್ತೈತಿ,” ಅಂದರು. ಆಮೇಲೆ ಬೆಳ್ಳಗಾದ ಮೂಲೆಗೆ ಬೆರಳು ತೋರಿಸಿ, “ಏನ ಹಚ್ಚಿ ಒರಸೀದಿ ಯವ್ವಾ?”

ಆಂಟಿ ನನ್ನನ್ನೇ ನೋಡುತ್ತಿದ್ದರು.

“ಎಂಜಲು, ಅಜ್ಜಿ. ವಿಭೂತಿ ನೋಡೋಕ್ ಮುಂಚೆ ಹಚ್ಬಿಟ್ಟೆ. ಬೇಡ ಅಂದ್ರೆ ನಿಲ್ಲಿಸ್ತೀನಿ.”

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಏನ ತಿಂದಿದ್ದಿ?”

“ಏನೂ ಇಲ್ಲ. ಬಾಯಿ ತೊಳ್ಕೊಂಡಿದ್ದೆ. ಒರೆಸೋ ದಿನ ಕಾಫಿನೂ ಕುಡಿಯೋ ಹಾಗಿಲ್ಲ.”

“ಹಂಗಾರ ಉಪಾಸ ಇದ್ದು ಮಾಡೀದಿ.” ಸೊಸೆಯ ಕಡೆ ತಿರುಗಿದರು. “ನಿನ್ನ ಗಂಡನ ಮಾರಿ ಎಷ್ಟ ಸಲ ಸೆರಗಿಗೆ ಉಗುಳ ಹಚ್ಚಿ ಒರಸೀನಿ. ಅಂವ ಏನ ಮೈಲಿಗಿ ಆದನೇನು?”

ಆಂಟಿ ನಗು ತಡೆದುಕೊಂಡರು. ವಿಭೂತಿಯನ್ನೂ ತೆಗೆಯಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದೆ.

“ನಾ ಹಚ್ಚಿದ್ದು ನಾನ ತಗೀತೀನಿ. ಕಡ್ಡಿ ಕೊಡು.”

ಕೊಟ್ಟೆ. ನಾಲಿಗೆಗೆ ಮುಟ್ಟಿಸಿಕೊಂಡು ಪಾತ್ರೆ ತಿಕ್ಕುವಂತೆ ಒತ್ತಿದರು.

“ಉಜ್ಜಬೇಡಿ, ಅಜ್ಜಿ. ಉರುಳಿಸಿ.”

ನನ್ನ ದನಿಗೆ ಆಚೆ ಮೇಜಿನಲ್ಲಿದ್ದ ಲಿಂಡಾ ಎದ್ದುಬಂದಳು. ಅಜ್ಜಿ ಉರುಳಿಸಿದರು. ವಿಭೂತಿ ಹತ್ತಿಗೆ ಅಂಟಿಬಂತು, ಬಂಡೆ ನಸುಗೆಂಪಾಗಿ ಕಂಡಿತು. ಚಿತ್ರ ಮನೆಗೆ ಬಂದ ಮೇಲೆ ವಿಭೂತಿ ಮತ್ತೆ ಹಚ್ಚುವವಳೇ ಎಂದು ಅಜ್ಜಿ ಮೊದಲೇ ಹೇಳಿಬಿಟ್ಟರು. ಹಾಗಾದರೆ ಮುಂದೆ ಗಾಜು ಹಾಕಿಕೊಡುತ್ತೇನೆ, ಗಾಜಿನ ಮೇಲೆ ಹಚ್ಚಿ ಎಂದೆ.

ಅವರು ಹೋದ ಮೇಲೆ ಲಿಂಡಾ ತನ್ನ ಹಾಳೆಯಲ್ಲಿ ನೊರೆ ಎಂಬುದನ್ನು ಹೊಡೆದುಹಾಕಿ, ಏನು ಬರೆಯಲಿ ಎಂದು ಕೇಳಿದಳು. ಹೇಳಿದೆ. ಕೆಳಗೆ ಗಾಜಿನ ಕೆಲಸವನ್ನೂ ನನ್ನ ಹೆಸರಿಗೇ ಬರೆದಳು. ಗಾಜು ಬರುವುದು ಟ್ರಯಲ್ ಮುಗಿದ ಎರಡು ವಾರದ ಮೇಲೆ ಎಂದು ಅವಳಿಗೂ ಗೊತ್ತಿತ್ತು.