ಅಳಿಸಿದರೂ ಅಳಿಯದ ಮೇಲ್

ವಿಸ್ಕಾನ್ಸಿನ್‌ನಲ್ಲಿ, ದಾರಿಗೆ ಬಿದ್ದ ಹಿಮವನ್ನು ಬಾಚಿ ಪಕ್ಕಕ್ಕೆ ಎಸೆಯುವ ಯಂತ್ರಗಳ ಕಾರ್ಖಾನೆಯೊಂದಕ್ಕೆ ರೋಸಲಿಂಡ್ ಕುಬಿಯಾಕ್ ಒಬ್ಬಳೇ ವಕೀಲೆ. ಹಳೆಯ ಮೇಲ್‌ಗಳನ್ನು ಕಾಪಿಡಲು ಹೊರಗಿನಿಂದ ಪ್ರತ್ಯೇಕ ತಂತ್ರಾಂಶ ಕೊಳ್ಳಬೇಕೇ ಎಂಬ ಮಾತು ಬಂದಾಗ ಬೇಡವೆಂದವಳು ಅವಳೇ.

"ನಾವು ದಿನಾ ಬಳಸೋ ಮೇಲ್ ಒಳಗೇ ಅದೆಲ್ಲ ಇದೆ ಆರ್ವಿಲ್. ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಯಾಕೆ ಅಲೀಬೇಕು?"

ಮಾಲೀಕ ಆರ್ವಿಲ್ ಟೆಸ್ಕಿ ತುಕ್ಕು ಹಿಡಿದ ಬೋಲ್ಟನ್ನೂ ಎಸೆಯದ ಮುದುಕ. "ಹಂಗಾದ್ರೆ ಒಂದಕ್ಷರಾನೂ ಕಳೀಬಾರ್ದು ನೋಡಮ್ಮ. ಯಾರು ಅಳಿಸಿದ್ರೂ ಒಳಗೊಂದು ಪ್ರತಿ ಇರ್ಲಿ. ಈ ಕೆಲಸದ ಹುಡುಗ್ರನ್ನ ನಂಬೋಕಾಗಲ್ಲ" ಎಂದ.

ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಮೊದಲೆಲ್ಲ ದಾವೆ ಬಂತೆಂದರೆ ಕಂಪ್ಯೂಟರುಗಳನ್ನೇ ಹೊತ್ತೊಯ್ದು ಶೋಧಿಸಬೇಕಿತ್ತು. ವಾರಗಟ್ಟಲೆ ಕೆಲಸ ನಿಲ್ಲುತ್ತಿತ್ತು. ಈಗ ರೋಸಲಿಂಡ್ ಕುರ್ಚಿ ಬಿಟ್ಟೇಳದೆ ಒಂದು ಪದ ಬರೆದು ಗುಂಡಿ ಒತ್ತಿದರೆ ಸಾಕು. ಆರ್ವಿಲ್ ಸಿಕ್ಕವರಿಗೆಲ್ಲ ಅವಳ ಜಾಣತನವನ್ನು ಹೊಗಳಿದ.

ಆಮೇಲೆ ಒಂದು ಚಳಿಗಾಲ, ಕಾರ್ಖಾನೆ ಹಿಂದೆ ಮಾರಿದ್ದ ಯಂತ್ರವೊಂದು ಕೊಂಡವನೊಬ್ಬನ ಎರಡು ಬೆರಳು ತಿಂದುಹಾಕಿತು. ಯಂತ್ರದ ಬಾಯಿಗಿದ್ದ ಜಾಲರಿ ಗಟ್ಟಿಯಿಲ್ಲವೆಂದು ಗೊತ್ತಿದ್ದೂ ಕಂಪನಿ ಸುಮ್ಮನಿತ್ತು ಎಂದು ಗಾಯಾಳು ದಾವೆ ಹೂಡಿದ.

ರೋಸಲಿಂಡ್ ಹೆದರಲಿಲ್ಲ. 'ಫಿಂಗರ್' ಎಂದು ಹುಡುಕಿದಳು. ಬೆಟ್ಟದಷ್ಟು ಮೇಲ್ ಬಂದವು. ಹೆಚ್ಚಿನವು ಕ್ಯಾಂಟೀನಿಗೆ ಕಳಿಸಿದ, ಚಿಕನ್ ಫಿಂಗರ್ ಎಂಬ ತಿಂಡಿಯ ಬೇಡಿಕೆಗಳು. ಅವುಗಳ ನಡುವೆ ಆರ್ವಿಲ್ ಹಿಂದೊಮ್ಮೆ ಬರೆದ ಒಂದು ಸಾಲು: 'ಓಡೋ ಯಂತ್ರದೊಳಗೆ ಕೈ ಹಾಕುವವನಿಗೆ ಬೆರಳು ಇದ್ದರೆಷ್ಟು ಬಿಟ್ಟರೆಷ್ಟು.'

ಅವಳು ಅದನ್ನು ಹಿಡಿದುಕೊಂಡು ಅವನ ಕೋಣೆಗೆ ಹೋದಳು.

"ಅದನ್ನ ನಾನು ಅವತ್ತೇ ಅಳಿಸಿದ್ದೆ ಕಣಮ್ಮ."

"ಅಳಿಸಿದ್ರಿ. ಪ್ರತಿ ಉಳ್ಕೊಂಡಿದೆ. ಉಳೀಬೇಕು ಅಂದಿದ್ದು ನೀವೇ."

"ಹುಡುಗ್ರದ್ದು ಉಳೀಬೇಕು ಅಂದಿದ್ದೆ" ಎಂದು ಮುದುಕ ಗೊಣಗಿದ.

ಜಾಲರಿಯ ಬಗ್ಗೆ ಮಾತ್ರ ಏನೂ ಸಿಗಲಿಲ್ಲ. ಹುಡುಕಾಟದ ಕೊನೆಗೆ, ಓದಲಾಗದ ಕಡತಗಳು ಎಂಬ ಹೆಸರಿನಲ್ಲಿ ಒಂದು ರಾಶಿ ಬೇರೆಯೇ ಬಿದ್ದಿತ್ತು: ಫೋಟೋಗಳು, ಕೈಬರಹದ ಹಾಳೆಗಳ ನಕಲುಗಳು. ತಂತ್ರಾಂಶಕ್ಕೆ ಅಕ್ಷರ ಕಾಣುತ್ತದೆಯೇ ಹೊರತು ಚಿತ್ರ ಕಾಣುವುದಿಲ್ಲ. ಯಂತ್ರಕ್ಕೇ ಬೇಡವಾದದ್ದು ತನಗೇಕೆಂದು ರೋಸಲಿಂಡ್ ಅದನ್ನು ತೆರೆಯಲೇ ಇಲ್ಲ. ಆದರೆ ಎದುರು ಪಕ್ಷ ಕೇಳಿದ್ದನ್ನೆಲ್ಲ ವಿಚಾರಣೆಗೆ ಮೊದಲೇ ಒಪ್ಪಿಸಬೇಕೆಂಬುದು ಅಲ್ಲಿನ ಕಾನೂನು; ನಿಯಮ ತಪ್ಪದ ಹೆಂಗಸು, ಆರ್ವಿಲ್‌ನ ಸಾಲಿನ ಜೊತೆಗೆ ಆ ರಾಶಿಯನ್ನೂ ಹಾಗೆಯೇ ಕಳಿಸಿಕೊಟ್ಟಳು.

ಎದುರು ಪಕ್ಷದ ವಕೀಲೆ ನೋರೀನ್ ಪ್ಯಾಜೆಟ್ ಬಳಿ ಒಳ್ಳೆಯ ತಂತ್ರಾಂಶವಿರಲಿಲ್ಲ. ಆದ್ದರಿಂದ ಅವಳು ಎಲ್ಲವನ್ನೂ ಕಣ್ಣಿನಿಂದಲೇ ಓದಿದ್ದಳು.

ವಿಚಾರಣೆಯ ದಿನ ಅವಳು ಆ ರಾಶಿಯ ಒಂದು ಫೋಟೋ ಮುಂದಿಟ್ಟಳು. ಅದರಲ್ಲಿ ಕಾರ್ಖಾನೆಯ ಎಂಜಿನಿಯರ್ ಬಿಳಿ ಹಲಗೆಯ ಮೇಲೆ ಬರೆದಿದ್ದ: ಜಾಲರಿ ಬಾಗುತ್ತದೆ, ಹೊಸ ಮಾದರಿಗೆ ದಪ್ಪ ಕಂಬಿ ಹಾಕಿಸಿ. ಅಪಘಾತಕ್ಕಿಂತ ಬಹಳ ಹಿಂದಿನ ಮಾತು.

ರೋಸಲಿಂಡಳ ಮುಖ ಅರಳಿತು. "ನೋಡಿದ್ರಾ, ನಾವು ಸುಮ್ಮನಿರ್ಲಿಲ್ಲ. ಸರಿ ಮಾಡಿದ್ವಿ."

"ಸರಿ ಮಾಡಿದ್ರಿ ಅಂದ್ಮೇಲೆ ತಪ್ಪಿದೆ ಅಂತ ಗೊತ್ತಿತ್ತು" ಎಂದಳು ನೋರೀನ್. "ಹಳೇ ಯಂತ್ರ ಕೊಂಡೋರಿಗೆ ಒಂದು ಮಾತು ತಿಳಿಸಿದ್ರಾ?"

ರೋಸಲಿಂಡ್ ಕಡತ ತಿರುವಿದಳು; ಅಂಥ ಪತ್ರ ಒಂದೂ ಇರಲಿಲ್ಲ. ನೋರೀನ್ ಆಮೇಲೆ ಆರ್ವಿಲ್‌ನ ಆ ಒಂದು ಸಾಲನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದಳು. ಗಾಯಾಳು ಅಲ್ಲೇ ಕೂತಿದ್ದ; ಎರಡು ಬೆರಳಿಲ್ಲದ ಕೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸಿಕೊಂಡ. ಆರ್ವಿಲ್ ಅದನ್ನು ನೋಡಿದ. ಆಮೇಲೆ ಅವನು ತಲೆಯೆತ್ತಲಿಲ್ಲ.

ಪರಿಹಾರ ಕೊಡಲೊಪ್ಪಿ ರಾಜಿಯಾಯಿತು. ಷರತ್ತುಗಳನ್ನು ಬರೆಯುವಾಗ ಆರ್ವಿಲ್ ತಾನಾಗಿ ಒಂದನ್ನು ಸೇರಿಸಿದ: ಹಳೆಯ ಯಂತ್ರ ಇಟ್ಟುಕೊಂಡವರಿಗೆಲ್ಲ ದಪ್ಪ ಜಾಲರಿ ಪುಕ್ಕಟೆ. ಹಿಂದಿರುಗುವಾಗ ಕಾರನ್ನು ರೋಸಲಿಂಡ್ ನಡೆಸಿದಳು.

"ಆ ರಾಶಿ ನಾನೇ ಮೊದ್ಲು ನೋಡ್ಬೇಕಿತ್ತು ಆರ್ವಿಲ್" ಎಂದಳು.

"ನೋಡಿದ್ರೆ ಏನ್ಮಾಡ್ತಿದ್ದೆ?"

"ಆಗ್ಲೂ ಕೊಡ್ಬೇಕಿತ್ತು."

"ಮತ್ತೆ? ನೀನು ತಪ್ಪು ಮಾಡದಿದ್ರೂ ನಾವು ಸೋಲ್ತಿದ್ವಿ. ಅಷ್ಟಾದ್ರೂ ಸಮಾಧಾನ ಮಾಡ್ಕೊ" ಎಂದ ಮುದುಕ, ಕಿಟಕಿಯಾಚೆ ರಸ್ತೆಯಂಚಿಗೆ ಸುರಿದ ಹಿಮ ನೋಡುತ್ತ.

ಮರುದಿನದಿಂದ ಆರ್ವಿಲ್ ಮೇಲ್ ಬರೆಯುವುದನ್ನೇ ಬಿಟ್ಟ. ಹೇಳಬೇಕಾದ್ದನ್ನು ಪ್ರತಿಯೊಬ್ಬರ ಮೇಜಿಗೇ ನಡೆದುಬಂದು ಹೇಳುತ್ತಾನೆ. ಮಾಲೀಕರು ಈಗ ಎಷ್ಟು ಆತ್ಮೀಯರಾಗಿದ್ದಾರೆಂದು ಹುಡುಗರು ಪರಸ್ಪರ ಮೇಲ್ ಬರೆದುಕೊಳ್ಳುತ್ತಾರೆ.